ತಿಳಿನೀರೆಲ್ಲ ಶುದ್ಧ ನೀರಲ್ಲ

ಮಕ್ಕಳೇ, ಮಳೆ ಬಂದ ಮರುದಿನ ಅಜ್ಜಂಪುರ ಕಡೆಯ ಎರೆಹೊಲದಲ್ಲಿ ನಡೆದಿದ್ದೀರಾ? ಹೆಜ್ಜೆ ಹೆಜ್ಜೆಗೂ ಮಣ್ಣು ಮೆತ್ತಿಕೊಂಡು ಕಾಲು ಭಾರವಾಗುತ್ತದೆ. ಅದೇ ಹೊಲ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಕೆಂಪು ಮಣ್ಣು ಹೀಗೆ ಮಾಡುವುದಿಲ್ಲ. ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜಾತಿಯ ಜೇಡಿ ಹೆಚ್ಚಾಗಿರುವುದೇ ಇದಕ್ಕೆ ಕಾರಣ.

ಈ ಜೇಡಿಯ ಕಣವು ಪುಸ್ತಕದಂತೆ ಹಾಳೆ ಹಾಳೆಯಾಗಿರುತ್ತದೆ. ಒಂದು ಹಾಳೆಯ ದಪ್ಪ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಸುಮಾರು ಒಂದು ಪಾಲು. ಒಂದು ಗ್ರಾಂ ಶುದ್ಧ ಜೇಡಿಯ ಹಾಳೆಗಳನ್ನೆಲ್ಲ ಬಿಡಿಸಿದರೆ ಸಿಗುವ ಮೇಲ್ಮೈ ಸುಮಾರು 700 ಚದರ ಮೀಟರ್. ಅಂದರೆ ಆರು ಗ್ರಾಂ ಜೇಡಿ ಒಂದು ಎಕರೆಗೆ ಸಮ! ಹಾಳೆಗಳಿಗೆ ಋಣ ವಿದ್ಯುದಂಶವಿದೆ. ಆದ್ದರಿಂದ ಅವುಗಳ ನಡುವೆ ಧನ ವಿದ್ಯುದಂಶದ ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳು ಸೇರಿಕೊಂಡಿರುತ್ತವೆ. ಇವು ನೀರನ್ನು ಒಳಗೆ ಎಳೆದುಕೊಳ್ಳುತ್ತವೆ. ಮಣ್ಣು ಉಬ್ಬುತ್ತದೆ.

ನಿಮ್ಮ ಶಿಕ್ಷಕರ ಜೊತೆಗೂಡಿ ಒಂದು ಪ್ರಯೋಗ ಮಾಡಿ. ಗಾಯಕ್ಕೆ ಹಚ್ಚುವ ಜೆನ್ಷಿಯನ್ ವಯೊಲೆಟ್‌ನ ಒಂದು ಹನಿಯನ್ನು ಒಂದು ಲೋಟ ನೀರಿಗೆ ಹಾಕಿ. ಒಣಗಿಸಿ ಪುಡಿ ಮಾಡಿದ ಎರೆಮಣ್ಣು ಎರಡು ಚಮಚ ಸೇರಿಸಿ, ಚೆನ್ನಾಗಿ ಕಲಕಿ, ಮರುದಿನದವರೆಗೆ ಬಿಡಿ. ಮಣ್ಣು ತಳಕ್ಕಿಳಿದಾಗ ಮೇಲಿನ ನೀರಿನ ನೇರಳೆ ಬಣ್ಣ ಬಹುಮಟ್ಟಿಗೆ ಹೋಗಿರುತ್ತದೆ. ಆ ಬಣ್ಣದ ಕಣಗಳಿಗೆ ಧನ ವಿದ್ಯುದಂಶವಿರುವುದರಿಂದ ಜೇಡಿ ಅವನ್ನು ಹಿಡಿದುಕೊಂಡಿತು. ಇನ್ನೊಂದು ಲೋಟದಲ್ಲಿ ಬಣ್ಣದ ಬದಲು ಒಂದು ಹನಿ ಡೀಸೆಲ್ ಹಾಕಿ ಹೀಗೆಯೇ ಮಾಡಿ. ನೀರು ತಿಳಿಯಾದರೂ ವಾಸನೆ ಹೋಗುವುದಿಲ್ಲ. (ಎರಡು ಲೋಟದ ನೀರನ್ನೂ ಯಾರೂ ಕುಡಿಯಬಾರದು.)

ಡೀಸೆಲ್, ಬೆಂಜೀನ್, ಹಲವು ಕೀಟನಾಶಕಗಳು ಇವೆಲ್ಲ ಸಾವಯವ ಮಾಲಿನ್ಯಕಾರಕಗಳು. ಸಾವಯವ ಎಂದ ಕೂಡಲೇ ಗೊಬ್ಬರ ನೆನಪಾಗಬಹುದು. ಇಲ್ಲಿ ಅದರ ಅರ್ಥ ಇಂಗಾಲದ ಸಂಯುಕ್ತ ಎಂದಷ್ಟೆ. ಇವುಗಳಲ್ಲಿ ಹೆಚ್ಚಿನವು ನೀರಿಗಿಂತ ಎಣ್ಣೆಯನ್ನೇ ಮೆಚ್ಚುತ್ತವೆ. ನೀರು ತುಂಬಿದ ಹಾಳೆಗಳ ನಡುವೆ ಅವಕ್ಕೆ ಜಾಗವಿಲ್ಲ.

ಇದಕ್ಕೆ ವಿಜ್ಞಾನಿಗಳು ಒಂದು ಉಪಾಯ ಹುಡುಕಿದರು. ಸೋಡಿಯಂ ಅನ್ನು ಹೊರಗಟ್ಟಿ, ಆ ಜಾಗದಲ್ಲಿ ಉದ್ದ ಇಂಗಾಲದ ಬಾಲವುಳ್ಳ ಅಮೋನಿಯಂ ಸಂಯುಕ್ತವನ್ನು ಕೂರಿಸಿದರು. ಅದರ ತಲೆ ಜೇಡಿಗೆ ಅಂಟುತ್ತದೆ, ಬಾಲ ಎಣ್ಣೆಯಂಥ ವಸ್ತುವನ್ನು ಬರಮಾಡಿಕೊಳ್ಳುತ್ತದೆ. ಇಂಥ ಜೇಡಿ ನೀರಿನ ಬದಲು ಸಾವಯವ ದ್ರವಗಳಲ್ಲಿ ಉಬ್ಬುತ್ತದೆ ಎಂದು 1949ರಲ್ಲಿಯೇ ಜೋರ್ಡನ್ ಎಂಬ ವಿಜ್ಞಾನಿ ಬರೆದಿದ್ದರು. ಈಗ ಎಣ್ಣೆ ಬೆರೆತ ನೀರನ್ನು ಶುದ್ಧಗೊಳಿಸಲು ಇದು ಬಳಕೆಯಲ್ಲಿದೆ.

"ಹಾಗಾದರೆ ಚಿಂತೆ ಏಕೆ? ಕೆರೆಗೆ ನಾಲ್ಕು ಮೂಟೆ ಸುರಿದರಾಯಿತು" ಎನ್ನುವವರಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಅಯ್ಯನಕೆರೆಯನ್ನೋ ಮದಗದಕೆರೆಯನ್ನೋ ಒಮ್ಮೆ ನೋಡಿದವರು ಮೂಟೆಯ ಮಾತನ್ನು ಆಡಲಾರರು. ಅಷ್ಟೇ ಅಲ್ಲ, ಆ ಅಮೋನಿಯಂ ಸಂಯುಕ್ತ ಜೇಡಿಯಿಂದ ಬಿಟ್ಟುಕೊಂಡು ನೀರಿಗೆ ಸೇರಿದರೆ ಮೀನುಗಳಿಗೆ ಅದೇ ವಿಷ. ಈ ಜೇಡಿ ಇರಬೇಕಾದದ್ದು ಕೊಳೆ ಹುಟ್ಟುವ ಜಾಗದಲ್ಲಿ: ಗ್ಯಾರೇಜಿನ, ಕಾರ್ಖಾನೆಯ ನೀರು ಹೊರಬೀಳುವ ಕೊಳವೆಯ ಬಾಯಲ್ಲಿ, ಸೋಸುವ ತೊಟ್ಟಿಯೊಳಗೆ.

ಔಷಧಿ ಹೊಡೆದ ಕ್ಯಾನನ್ನು ಕೆರೆಯಲ್ಲಿ ಜಾಲಿಸುವುದನ್ನು ನೀವೂ ನೋಡಿರುತ್ತೀರಿ. ಇದಕ್ಕೆ ಯಾವ ಜೇಡಿಯೂ ಬೇಕಿಲ್ಲ. ಕ್ಯಾನನ್ನು ಹೊಲದಲ್ಲೇ ತೊಳೆದು, ಆ ನೀರನ್ನು ಔಷಧಿ ಹೊಡೆದ ಬೆಳೆಗೇ ಸಿಂಪಡಿಸಿದರೆ ಸಾಕು. ನಾವು ಕಡೂರಿನಲ್ಲಿ ವೇದಾವತಿಗೆ ಬಿಟ್ಟದ್ದು ಹಿರಿಯೂರಿನ ವಾಣಿವಿಲಾಸ ಸಾಗರದ ಕಡೆಗೆ ಹೋಗುತ್ತದೆ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಭದ್ರಾ ನೀರೂ ಅಜ್ಜಂಪುರದ ಸುರಂಗ ದಾಟಿ 2019ರಿಂದ ಅಲ್ಲಿಗೆ ಹರಿದಿದೆ. ಚಿತ್ರದುರ್ಗ ಜಿಲ್ಲೆಯ ನಿಮ್ಮಂಥ ಮಕ್ಕಳು ಕುಡಿಯುವ ನೀರದು.

ಇನ್ನೊಂದು ಮಾತು ಉಳಿದಿದೆ. ಜೇಡಿ ವಿಷವನ್ನು ನಾಶ ಮಾಡುವುದಿಲ್ಲ, ಹಿಡಿದಿಡುತ್ತದೆ ಅಷ್ಟೆ. ತೊಟ್ಟಿ ತುಂಬಿದ ಮೇಲೆ ಆ ಕೊಳೆಜೇಡಿಯನ್ನು ಹೆಚ್ಚಿನ ಉಷ್ಣತೆಯಲ್ಲಿ ಸುಡಬೇಕು, ಇಲ್ಲವೇ ನೆಲಕ್ಕೆ ಇಂಗದ ಹಾಗೆ ಭದ್ರಪಡಿಸಿದ ಗುಂಡಿಯಲ್ಲಿ ಹೂಳಬೇಕು. ಸೋಸುವ ಯಂತ್ರ ಮಾರಲು ಬಂದವರನ್ನು ನಾನು ಮೊದಲು ಕೇಳುವುದು ಇದನ್ನೇ: ಬಳಸಿದ ಜೇಡಿಯನ್ನು ವಾಪಸ್ ಒಯ್ಯುವವರು ಯಾರು?