ಆರೋಗ್ಯ ವಿಮೆಯ ಪ್ರೀಮಿಯಂ ಏರಿಕೆಗೆ ಬಿಡಿಬಿಡಿ ಲೆಕ್ಕ ಕೋರಿ ಮನವಿ ಪತ್ರ

ಗೆ,
ಅಧ್ಯಕ್ಷರು,
ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ,
ಹೈದರಾಬಾದ್.

ಸಲ್ಲಿಸುವವರು: ಆರೋಗ್ಯ ವಿಮಾ ಕ್ಷೇತ್ರದ ಆಕ್ಚುಯರಿಗಳು ಮತ್ತು ಪಾಲಿಸಿದಾರರು

ವಿಷಯ: ಚಿಕಿತ್ಸಾ ವೆಚ್ಚದ ಏರಿಕೆ, ಪ್ರೀಮಿಯಂ ಪರಿಷ್ಕರಣೆ ಹಾಗೂ ದರ ನಿಗದಿಗೆ ಬೇಕಾದ ದತ್ತಾಂಶದ ಬಗ್ಗೆ

ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ನೇರವಾಗಿ ತಮ್ಮ ಕೈಯಿಂದ ಭರಿಸುವ ಪಾಲು 2013–14ರಲ್ಲಿ ಶೇ 64.2ರಷ್ಟಿತ್ತು. 2021–22ರ ಹೊತ್ತಿಗೆ ಅದು ಶೇ 39.4ಕ್ಕೆ ಇಳಿದಿದೆ ಎಂದು ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ ಹೇಳುತ್ತದೆ. ಸರ್ಕಾರದ ವೆಚ್ಚದ ಜೊತೆಗೆ ವಿಮೆಯ ಪಾತ್ರವೂ ಈ ಅವಧಿಯಲ್ಲಿ ಹಿಗ್ಗಿದೆ. 2023–24ರಲ್ಲಿ ವಿಮಾ ಕಂಪನಿಗಳು ಸುಮಾರು 2.69 ಕೋಟಿ ಆರೋಗ್ಯ ಕ್ಲೇಮುಗಳಿಗೆ ಸುಮಾರು 83,493 ಕೋಟಿ ರೂಪಾಯಿ ಪಾವತಿಸಿವೆ. ಸರಾಸರಿ ಕ್ಲೇಮಿನ ಮೊತ್ತ 31 ಸಾವಿರ ರೂಪಾಯಿಯಷ್ಟಾಗುತ್ತದೆ. ಇಷ್ಟು ದೊಡ್ಡ ಹಣ ಹರಿದಾಡುವ ವ್ಯವಸ್ಥೆಯಲ್ಲಿ ಪ್ರೀಮಿಯಂ ಏರಿದಾಗ ಯಾವ ಕಾರಣಕ್ಕೆ ಎಷ್ಟು ಏರಿತು ಎಂಬ ಬಿಡಿಬಿಡಿ ಲೆಕ್ಕ ಪಾಲಿಸಿದಾರರ ಕೈಗೆ ಬರುವುದಿಲ್ಲ. ಆ ಲೆಕ್ಕವನ್ನು ನಿಯಮದ ಮೂಲಕ ಕೊಡಿಸಬೇಕೆಂಬುದು ಈ ಮನವಿಯ ತಿರುಳು.

1. ಏರಿಕೆಯ ಬೇರುಗಳು

ಕ್ಲೇಮು ವೆಚ್ಚ ಎರಡು ಅಂಶಗಳ ಗುಣಲಬ್ಧ: ನೂರು ಪಾಲಿಸಿದಾರರಲ್ಲಿ ಎಷ್ಟು ಮಂದಿ ಆಸ್ಪತ್ರೆಗೆ ದಾಖಲಾದರು ಎಂಬುದು ಒಂದು, ಪ್ರತಿ ದಾಖಲಾತಿಗೆ ಬಿಲ್ಲು ಎಷ್ಟಾಯಿತು ಎಂಬುದು ಇನ್ನೊಂದು. ಬಿಲ್ಲು ಬೆಳೆಯಲು ಕೊಠಡಿ ಬಾಡಿಗೆ, ಔಷಧ, ಇಂಪ್ಲಾಂಟ್‌ಗಳ ಬೆಲೆ ಕಾರಣವಾಗಬಹುದು. ಹೊಸ ತಂತ್ರಜ್ಞಾನದ ಚಿಕಿತ್ಸೆಯೂ ಕಾರಣವಾಗಬಹುದು. ಪಾಲಿಸಿದಾರರ ಸರಾಸರಿ ವಯಸ್ಸು, ಕಮಿಷನ್ ಮತ್ತು ಆಡಳಿತ ವೆಚ್ಚಗಳೂ ಪ್ರೀಮಿಯಂನಲ್ಲಿ ಸೇರಿರುತ್ತವೆ. ಇವೆಲ್ಲವನ್ನೂ 'ವೈದ್ಯಕೀಯ ಹಣದುಬ್ಬರ' ಎಂಬ ಒಂದೇ ಹೆಸರಿನಡಿ ಸೇರಿಸಿದರೆ ಏರಿಕೆ ನ್ಯಾಯವೋ ಅಲ್ಲವೋ ಎಂದು ತೂಗಿ ನೋಡಲು ಯಾರಿಗೂ ಸಾಧ್ಯವಾಗದು.

ಪಾಲಿಸಿಯ ರಚನೆಯೂ ಏರಿಕೆಯ ಪ್ರಮಾಣವನ್ನು ಬದಲಿಸುತ್ತದೆ. ಮೊದಲ 50,000 ರೂಪಾಯಿಯನ್ನು ರೋಗಿಯೇ ಭರಿಸಬೇಕಾದ ಪಾಲಿಸಿಯಲ್ಲಿ 1 ಲಕ್ಷದ ಬಿಲ್ಲು ಶೇ 10ರಷ್ಟು ಏರಿ 1.10 ಲಕ್ಷವಾಯಿತೆನ್ನೋಣ. ಕಂಪನಿಯ ಪಾಲು 50,000ದಿಂದ 60,000ಕ್ಕೆ ಹೋಗುತ್ತದೆ, ಅಂದರೆ ಏರಿಕೆ ಶೇ 20. ವಿಮಾ ಮೊತ್ತದ ಮಿತಿ ಇದಕ್ಕೆ ವಿರುದ್ಧವಾಗಿ ಕೆಲಸ ಮಾಡುತ್ತದೆ. ಚಿಕಿತ್ಸಾ ವೆಚ್ಚ ವರ್ಷಕ್ಕೆ ಶೇ 7ರಂತೆ ಬೆಳೆದರೆ ಹತ್ತು ವರ್ಷಗಳಲ್ಲಿ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. 5 ಲಕ್ಷದ ರಕ್ಷಣೆಯ ನಿಜಬೆಲೆ ಅರ್ಧಕ್ಕೆ ಇಳಿಯುತ್ತದೆ. ಆ ಮಿತಿಯನ್ನು ಮೀರಿದ ಹೊರೆ ಕುಟುಂಬದ ಮೇಲೆ ಬೀಳುತ್ತದೆ.

2. ಹಿರಿಯರು ಮತ್ತು ಮಾರಾಟ ನಿಂತ ಪಾಲಿಸಿಗಳು

ಪ್ರಾಧಿಕಾರ 2024ರಲ್ಲಿ ತಂದ ಸುಧಾರಣೆಗಳು ಸ್ವಾಗತಾರ್ಹ. ಮೊದಲೇ ಇದ್ದ ಕಾಯಿಲೆಗಳಿಗೆ ಕಾಯುವ ಅವಧಿ ಗರಿಷ್ಠ 36 ತಿಂಗಳಿಗೆ ಇಳಿದಿದೆ. ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಒಂದು ಗಂಟೆಯಲ್ಲಿ, ಬಿಡುಗಡೆಯ ಅಂತಿಮ ಒಪ್ಪಿಗೆಗೆ ಮೂರು ಗಂಟೆಯಲ್ಲಿ ಉತ್ತರಿಸಬೇಕೆಂಬ ನಿಯಮ ಬಂದಿದೆ. 2025ರ ಜನವರಿಯಲ್ಲಿ, ಹಿರಿಯ ನಾಗರಿಕರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚಿಸಬೇಕಾದರೆ ಪ್ರಾಧಿಕಾರದ ಜೊತೆ ಮೊದಲು ಸಮಾಲೋಚಿಸಬೇಕೆಂದು ಆದೇಶವಾಯಿತು.

ಆದರೂ ಒಂದು ಅಪಾಯ ಉಳಿದಿದೆ. ಕಂಪನಿ ಹಳೆಯ ಪಾಲಿಸಿಯ ಮಾರಾಟ ನಿಲ್ಲಿಸಿ ಹೊಸದೊಂದನ್ನು ತಂದಾಗ ಆರೋಗ್ಯವಂತ ಯುವಕರು ಹೊಸದಕ್ಕೆ ಹೋಗುತ್ತಾರೆ. ಕಾಯಿಲೆಯುಳ್ಳವರು ಮತ್ತು ವಯಸ್ಸಾದವರು ಹಳೆಯ ಗುಂಪಿನಲ್ಲೇ ಉಳಿಯುತ್ತಾರೆ. ಆ ಗುಂಪಿನ ಕ್ಲೇಮು ಏರುತ್ತದೆ, ಪ್ರೀಮಿಯಂ ಏರುತ್ತದೆ, ಕಟ್ಟಲಾಗದವರು ಬಿಟ್ಟುಹೋಗುತ್ತಾರೆ, ಉಳಿದವರ ಹೊರೆ ಮತ್ತೆ ಏರುತ್ತದೆ. ಹಲವು ವರ್ಷ ನಿಷ್ಠೆಯಿಂದ ಕಂತು ಕಟ್ಟಿದವರು, ವಿಮೆ ಹೆಚ್ಚು ಬೇಕಾದ ವಯಸ್ಸಿನಲ್ಲಿ ಅದರಿಂದ ಹೊರಬೀಳುವುದು ವಿಮೆಯ ಮೂಲ ತತ್ವಕ್ಕೇ ವಿರುದ್ಧ. ವಾರ್ಷಿಕ ಮಿತಿ ಈ ಸುಳಿಯ ವೇಗವನ್ನು ತಗ್ಗಿಸುತ್ತದೆ. ಸುಳಿಯನ್ನು ತಡೆಯಲು ಹಳೆಯ ಮತ್ತು ಹೊಸ ಗುಂಪುಗಳ ಅಪಾಯವನ್ನು ಒಟ್ಟಿಗೆ ಲೆಕ್ಕ ಹಾಕಬೇಕು.

3. ಆಸ್ಪತ್ರೆ ದರಗಳ ಮಾಹಿತಿ

ಸಂವಿಧಾನದ ಪ್ರಕಾರ ಆಸ್ಪತ್ರೆಗಳು ರಾಜ್ಯಪಟ್ಟಿಯ ವಿಷಯ. ಪ್ರಾಧಿಕಾರದ ನಿಯಂತ್ರಣ ವಿಮಾ ಕ್ಷೇತ್ರಕ್ಕೆ ಸೀಮಿತ. ಹೀಗಾಗಿ ಪ್ರೀಮಿಯಂ ಒಬ್ಬರ ನಿಗಾದಲ್ಲಿದ್ದರೆ, ಅದನ್ನು ಏರಿಸುವ ಬಿಲ್ಲು ಇನ್ನೊಬ್ಬರ ವ್ಯಾಪ್ತಿಯಲ್ಲಿದೆ. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಜಾರಿಯಲ್ಲಿದ್ದು, 2017ರಲ್ಲಿ ತಿದ್ದುಪಡಿಯಾಗಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಪ್ರತಿ ಚಿಕಿತ್ಸೆಗೂ ನಿಗದಿತ ಪ್ಯಾಕೇಜ್ ದರವಿದೆ. ಖಾಸಗಿ ವಿಮೆಯಲ್ಲಿ ಅದೇ ಚಿಕಿತ್ಸೆಯ ದರ ಆಯಾ ಕಂಪನಿ ಮತ್ತು ಆಸ್ಪತ್ರೆಯ ಒಪ್ಪಂದದೊಳಗೆ ಉಳಿಯುತ್ತದೆ. ಇಡೀ ಮಾರುಕಟ್ಟೆಯ ಅನುಭವ ಕಾಣದೆ, ತನ್ನ ಕಂಪನಿಯ ಕ್ಲೇಮುಗಳನ್ನೇ ನೆಚ್ಚಿ ಮುಂದಿನ ವರ್ಷಗಳ ವೆಚ್ಚವನ್ನು ಅಂದಾಜಿಸುವ ಆಕ್ಚುಯರಿ ಅನಿಶ್ಚಿತತೆಗೆಂದು ಹೆಚ್ಚುವರಿ ಅಂಚು ಇಡಬೇಕಾಗುತ್ತದೆ. ಆ ಅಂಚನ್ನೂ ಪಾಲಿಸಿದಾರರೇ ಕಟ್ಟುತ್ತಾರೆ.

4. ಬೇಡಿಕೆಗಳು

(ಅ) ಪ್ರೀಮಿಯಂ ಪರಿಷ್ಕರಿಸುವಾಗ ಬೆಲೆ ಏರಿಕೆ, ಚಿಕಿತ್ಸೆಯ ಬಳಕೆ, ವಯಸ್ಸು, ಕಮಿಷನ್ ಮತ್ತು ಆಡಳಿತ ವೆಚ್ಚಗಳ ಪಾಲನ್ನು ಪ್ರತ್ಯೇಕವಾಗಿ ತೋರಿಸುವ, ನೇಮಿತ ಆಕ್ಚುಯರಿ ದೃಢೀಕರಿಸಿದ ಒಂದು ಪುಟದ ವಿವರಣೆಯನ್ನು ಸರಳ ಕನ್ನಡವೂ ಸೇರಿದಂತೆ ಪ್ರಾದೇಶಿಕ ಭಾಷೆಗಳಲ್ಲಿ ಕೊಡುವುದು ಕಡ್ಡಾಯವಾಗಬೇಕು.

(ಆ) ಕ್ಲೇಮು ಅನುಪಾತವನ್ನು ಪ್ರತಿ ಪಾಲಿಸಿಗೆ, ವಯೋಮಾನಕ್ಕೆ ಅನುಗುಣವಾಗಿ ಪ್ರಕಟಿಸಬೇಕು.

(ಇ) ಮಾರಾಟ ನಿಂತ ಪಾಲಿಸಿಗಳ ಕ್ಲೇಮು ಅನುಭವವನ್ನು ಅದೇ ಬಗೆಯ ಹೊಸ ಪಾಲಿಸಿಗಳ ಜೊತೆ ಸೇರಿಸಿ ದರ ನಿಗದಿ ಮಾಡಬೇಕು.

(ಈ) ಗುರುತು ಅಳಿಸಿದ ಕ್ಲೇಮು ದತ್ತಾಂಶವನ್ನು ಚಿಕಿತ್ಸೆ, ಜಿಲ್ಲೆ ಮತ್ತು ಆಸ್ಪತ್ರೆಯ ವರ್ಗಕ್ಕೆ ಅನುಸಾರವಾಗಿ ಭಾರತೀಯ ವಿಮಾ ಮಾಹಿತಿ ಬ್ಯೂರೋ ಮೂಲಕ ಪ್ರತಿವರ್ಷ ಬಿಡುಗಡೆ ಮಾಡಬೇಕು.

(ಉ) 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ 18ರ ಜಿಎಸ್‌ಟಿ ರದ್ದಾಗಿದೆ. ಇದರೊಂದಿಗೆ ಕಂಪನಿಗಳಿಗೆ ಹೂಡುವಳಿ ತೆರಿಗೆ ಜಮೆಯೂ ಇಲ್ಲವಾಗಿದೆ. ಈ ನಷ್ಟವನ್ನು ಮೂಲ ಪ್ರೀಮಿಯಂಗೆ ಸೇರಿಸಿದ್ದರೆ ಅದರ ಮೊತ್ತವನ್ನು ಪ್ರತ್ಯೇಕವಾಗಿ ತೋರಿಸಬೇಕು.

(ಊ) ಚಿಕಿತ್ಸಾ ದರಗಳ ವಿಷಯದಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ, ರಾಜ್ಯ ಸರ್ಕಾರಗಳು ಮತ್ತು ಪ್ರಾಧಿಕಾರ ಒಟ್ಟಿಗೆ ಕೂರುವ ಶಾಶ್ವತ ಸಮನ್ವಯ ಸಮಿತಿ ರಚನೆಯಾಗಬೇಕು. ಅದರಲ್ಲಿ ಆಕ್ಚುಯರಿಗಳಿಗೆ, ರೋಗಿಗಳಿಗೆ ಮತ್ತು ಆಸ್ಪತ್ರೆಗಳಿಗೆ ಸ್ಥಾನವಿರಬೇಕು.

ಈ ಬೇಡಿಕೆಗಳಲ್ಲಿ ಮೊದಲ ಎರಡನ್ನು ಮುಂದಿನ ಹಣಕಾಸು ವರ್ಷದ ಆರಂಭದಿಂದಲೇ ಜಾರಿಗೊಳಿಸಬೇಕೆಂದೂ, ಉಳಿದವುಗಳಿಗೆ ಕಾಲಮಿತಿ ಪ್ರಕಟಿಸಬೇಕೆಂದೂ ಪ್ರಾಧಿಕಾರವನ್ನು ವಿನಯಪೂರ್ವಕವಾಗಿ ಕೋರಲಾಗಿದೆ.

ಮನವಿದಾರರ ಪರವಾಗಿ