ಪೆನ್ಸಿಲ್ ಗೆರೆಗೆ ಕಾರಣ ಕೇಳುವವರಾರು?

ಕಂಬಳದ ಕರೆಯಲ್ಲಿ ಯಾವ ಜೋಡಿ ಮುಂದೆ ಬಂತೆಂದು ಹೇಳಲು ಈಗ ಲೇಸರ್ ಕಿರಣವಿದೆ, ಗಡಿಯಾರವಿದೆ. ಆದರೂ ತಕರಾರು ನಿಂತಿಲ್ಲ. ಗಡಿಯಾರವೇ ಇಲ್ಲದ ಪಂದ್ಯವಾದರೆ? ಅಮೆರಿಕದ ರಿಟ್ರೀವರ್ ಫೀಲ್ಡ್ ಟ್ರಯಲ್ ಅಂಥದ್ದು. ಗುಂಡು ತಗುಲಿ ಬಿದ್ದ ಬಾತುಕೋಳಿ, ಫೆಸೆಂಟ್‌ಗಳನ್ನು ಹುಡುಕಿ, ಹಲ್ಲು ನಾಟದಂತೆ ಬಾಯಲ್ಲಿ ಹಿಡಿದು ತರುವ ಲ್ಯಾಬ್ರಡಾರ್ ಮತ್ತಿತರ ನಾಯಿಗಳ ಸ್ಪರ್ಧೆ ಇದು. 1931ರಲ್ಲಿ ನ್ಯೂಯಾರ್ಕ್ ರಾಜ್ಯದ ಸಿರಿವಂತರ ಎಸ್ಟೇಟಿನಲ್ಲಿ ಶುರುವಾಗಿ, ಈಗ ಅಮೆರಿಕನ್ ಕೆನಲ್ ಕ್ಲಬ್ಬಿನ ನಿಯಮದಡಿ ದೇಶದುದ್ದಕ್ಕೂ ನಡೆಯುತ್ತದೆ.

ಮೂರು ನಾಲ್ಕು ಹಕ್ಕಿಗಳು ಬೇರೆ ಬೇರೆ ದಿಕ್ಕಿಗೆ ಬೀಳುತ್ತವೆ. ನಾಯಿ ಕೂತಲ್ಲೇ ಎಲ್ಲವನ್ನೂ ನೋಡಿ, ನೆನಪಿಟ್ಟು, ಒಂದೊಂದಾಗಿ ತರಬೇಕು. ಇದು ಮಾರ್ಕ್. ಕಾಣದಂತೆ ಇಟ್ಟ ಹಕ್ಕಿಯ ಕಡೆಗೆ ಯಜಮಾನನ ಸೀಟಿ, ಕೈಸನ್ನೆಯಿಂದ ಹೋಗುವುದು ಬ್ಲೈಂಡ್. ಇಬ್ಬರು ತೀರ್ಪುಗಾರರು ನಾಯಿ ಓಡಿದ ದಾರಿಯನ್ನು ಹಾಳೆಯ ಮೇಲೆ ಪೆನ್ಸಿಲಿನಿಂದ ಎಳೆದುಕೊಳ್ಳುತ್ತಾರೆ. ಸುತ್ತು ಮುಗಿದ ಮೇಲೆ ಮುಂದಕ್ಕೆ ಹೋಗುವ ನಾಯಿಗಳ ಕ್ರಮಸಂಖ್ಯೆಗಳನ್ನು ಕೂಗುತ್ತಾರೆ. ಉಳಿದವು ಗಾಡಿ ಹತ್ತುತ್ತವೆ. ಏಕೆ ಹೊರಬಿದ್ದವೆಂದು ತಿಳಿಸಲೇಬೇಕೆಂಬ ಕಟ್ಟುಪಾಡಿಲ್ಲ.

ತೀರ್ಪುಗಾರರನ್ನು ಬೈಯುವುದು ಸುಲಭ. ಆದರೆ ಅವರು ಸಂಬಳವಿಲ್ಲದೆ ವಾರಾಂತ್ಯವನ್ನು ಹೊಲದಲ್ಲಿ ಕಳೆಯುವವರು. ಎಂಬತ್ತು ನಾಯಿಗಳು ಬಂದಿವೆ, ಒಂದೊಂದಕ್ಕೆ ಎಂಟು ನಿಮಿಷ ಎಂದಿಟ್ಟುಕೊಳ್ಳಿ. ಒಂದೇ ಸುತ್ತಿಗೆ ಹತ್ತು ಗಂಟೆ ದಾಟುತ್ತದೆ. ಬೆಳಗಿನ ಇಬ್ಬನಿಯಲ್ಲಿ ವಾಸನೆ ಹಿಡಿದು ಓಡಿದ ನಾಯಿಗೂ, ಮಧ್ಯಾಹ್ನ ಗಾಳಿ ತಿರುಗಿ ಬಿಸಿಲು ಕಣ್ಣಿಗೆ ಹೊಡೆಯುವಾಗ ಓಡಿದ ನಾಯಿಗೂ ಪರೀಕ್ಷೆ ಒಂದೇ ಎನ್ನುವುದು ಕಾಗದದ ಮೇಲಿನ ಮಾತು. ಜೀವಂತ ಹಕ್ಕಿಯನ್ನು ಹಾರಿಬಿಟ್ಟು ಹೊಡೆಯುವ ‘ಫ್ಲೈಯರ್’ ಇದ್ದರಂತೂ ಕೇಳುವುದೇ ಬೇಡ. ಒಂದು ಹಕ್ಕಿ ಪಟ್ಟನೆ ಕೆಳಗೆ ಬಿದ್ದರೆ ಇನ್ನೊಂದು ಪೆಟ್ಟು ತಿಂದೂ ದೂರಕ್ಕೆ ತೇಲಿ ಪೊದೆಯೊಳಗೆ ಬೀಳುತ್ತದೆ. ಮೊದಲಿನದು ಯಾರ ಪಾಲಿಗೆ ಬಂತೋ ಅವರ ಪುಣ್ಯ.

ಇನ್ನೊಂದು ತೊಡಕಿದೆ. ಇಂದು ಹಾಳೆ ಹಿಡಿದು ಕೂತವರು ಮುಂದಿನ ತಿಂಗಳು ತಮ್ಮದೇ ನಾಯಿಯೊಂದಿಗೆ ನಿಮ್ಮ ತೀರ್ಪಿಗೆ ಕಾಯುತ್ತಿರಬಹುದು. ಸಣ್ಣ ಸಮುದಾಯ, ಎಲ್ಲರೂ ಪರಿಚಿತರೇ. ಒಂದೇ ಟ್ರಕ್ಕಿನಲ್ಲಿ ಹತ್ತಾರು ನಾಯಿ ತರುವ ವೃತ್ತಿಪರ ತರಬೇತುದಾರನ ಎದುರು, ಒಂದೇ ನಾಯಿ ಸಾಕಿದವನಿಗೆ ಅನುಮಾನ ಹುಟ್ಟಿದರೆ ತಪ್ಪೆನ್ನಲಾರೆ. ಅನುಮಾನ ಸುಳ್ಳೇ ಇರಬಹುದು. ಕಾರಣ ಹೇಳದಿದ್ದಾಗ ಸುಳ್ಳು ಅನುಮಾನವೂ ನಿಜದಷ್ಟೇ ಬಲವಾಗಿ ಬೆಳೆಯುತ್ತದೆ.

ಟ್ರೋಫಿಯಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಮೊದಲ ಸ್ಥಾನಕ್ಕೆ 5 ಅಂಕ. ಓಪನ್ ವಿಭಾಗದಲ್ಲಿ ಒಂದಾದರೂ ಗೆಲುವಿನೊಂದಿಗೆ ಒಟ್ಟು 10 ಅಂಕ ಕೂಡಿಸಿದ ನಾಯಿ ಫೀಲ್ಡ್ ಚಾಂಪಿಯನ್. ಅದರ ಮರಿಗಳಿಗೆ ಬೇಡಿಕೆ. ಹಾಗಾಗಿ ಆ ಪೆನ್ಸಿಲ್ ಗೆರೆ ಮುಂದಿನ ತಲೆಮಾರನ್ನೂ ಆರಿಸುತ್ತದೆ. ಜಿದ್ದಿನಿಂದ, ದಣಿವರಿಯದೆ ಓಡುವ ನಾಯಿಯೇ ಗೆಲ್ಲುತ್ತಾ ಬಂದರೆ ನಿಲ್ಲಲು ತಿಳಿಯದ ನಾಯಿಗಳೇ ಹೆಚ್ಚುತ್ತವೆ. ಲ್ಯಾಬ್ರಡಾರ್‌ಗಳಲ್ಲಿ, ಅದರಲ್ಲೂ ಈ ಪಂದ್ಯಗಳ ವಂಶಗಳಲ್ಲಿ, ಹತ್ತು ನಿಮಿಷದ ಜೋರು ಓಟಕ್ಕೆ ಹಿಂಗಾಲು ಸೋತು ಕುಸಿಯುವ ಕಾಯಿಲೆಯೊಂದಿದೆ. ಕೆಲವು ಸತ್ತೂ ಹೋಗುತ್ತವೆ. ಅದಕ್ಕೆ ಕಾರಣವಾದ ಜೀನ್ ದೋಷವನ್ನು ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಸಹೋದ್ಯೋಗಿಗಳು 2008ರಲ್ಲಿ ಪ್ರಕಟಿಸಿದರು. ತಂದೆ ತಾಯಿ ಇಬ್ಬರಿಂದಲೂ ದೋಷ ಪಡೆದ ಮರಿಗಳಿಗೇ ಅಪಾಯ, ಪರೀಕ್ಷೆಯಿಂದ ಪತ್ತೆಯಾಗುತ್ತದೆ. ಕಣಕ್ಕೆ ಇಳಿಸುವ ಮೊದಲು ಆ ವರದಿ ಕೇಳುವುದು ದೊಡ್ಡ ಹೊರೆಯಲ್ಲ. ಬಿಸಿಲೇರಿದಾಗ ಸುತ್ತನ್ನು ನಿಲ್ಲಿಸುವುದು ತೀರ್ಪುಗಾರರ ಮರ್ಜಿಗೆ ಬಿಡದೆ ನಿಯಮವಾಗಲಿ.

ಕಾರಣ ಹೇಳಬೇಕೆಂದರೆ ತೀರ್ಪು ಕೊಡಲು ಯಾರೂ ಬರುವುದಿಲ್ಲ ಎಂಬ ಆಕ್ಷೇಪ ಬರುತ್ತದೆ. ಇರಬಹುದು. ಪುಟಗಟ್ಟಲೆ ವಿವರಣೆ ಬೇಡ. ಗೆರೆ ಎಳೆದ ಹಾಳೆಗಳು ಹೇಗೂ ಕೈಯಲ್ಲಿವೆ. ಬಹುಮಾನ ಕೊಟ್ಟ ಸಂಜೆ ಅವನ್ನು ಮೇಜಿನ ಮೇಲಿಟ್ಟು, ತನ್ನ ನಾಯಿಯ ಹಾಳೆ ಕೇಳಿದವನಿಗೆ ತೋರಿಸಲಿ.