ಮನೆ ಬಾಡಿಗೆಗಿದೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಸಣ್ಣ ಊರಿನಲ್ಲಿ ದೊಡ್ಡ ಸಂಸಾರಕ್ಕೆ ಬಾಡಿಗೆಯ ಮನೆ ಹುಡುಕುವ ಪ್ರಸಂಗ ಅವರಿಗೆ ಒದಗಿದ್ದರೆ ಆ ಗಾದೆಗೆ ಮೂರನೆಯ ಮಾತೊಂದು ಸೇರುತ್ತಿತ್ತೆಂದು ನನ್ನ ನಂಬಿಕೆ.

ದೊಡ್ಡ ನಗರದಲ್ಲಿ ಮನೆಗೆ ಮೊದಲ ಅಡ್ಡಿ ಹಣ. ನಮ್ಮಂಥ ತಾಲ್ಲೂಕು ಊರಿನಲ್ಲಿ ಮೊದಲ ಅಡ್ಡಿ ಪ್ರಶ್ನೆಗಳು. ತಂದೆಯವರಿಗೆ ವರ್ಗವಾಗಿ ನಾವು ಆರು ಜನ ಇಲ್ಲಿಗೆ ಬಂದಾಗ ಇದರ ಅನುಭವವಾಯಿತು. ನಮಗೆ ಬೇಕಾದದ್ದು ಎರಡು ಕೋಣೆ, ಒಂದು ನಡುಮನೆ, ಒಂದು ಅಡುಗೆಮನೆ. 'ಸಂಸಾರಸ್ಥರಿಗೆ ಮಾತ್ರ' ಎಂಬ ಫಲಕ ಕಂಡಲ್ಲೆಲ್ಲ ವಿಚಾರಿಸಿದೆವು. ಮೊದಲ ಪ್ರಶ್ನೆ, 'ಎಷ್ಟು ಜನ?' ಆರು ಎಂದೊಡನೆ ಯಜಮಾನರ ದೃಷ್ಟಿ ನೀರಿನ ತೊಟ್ಟಿಯ ಕಡೆಗೆ ಹೊರಳುತ್ತಿತ್ತು. ಸಂಸಾರ ಬೇಕು, ಆದರೆ ಅದರಲ್ಲಿ ಅಜ್ಜಿಯೂ ಮಕ್ಕಳೂ ಇರಬಾರದು! ಎರಡನೆಯದು, 'ನೀವು ಯಾವ ಕಡೆಯವರು?' ಊರಿನ ಹೆಸರು ಹೇಳಿದರೆ ತೃಪ್ತಿಯಿಲ್ಲ. ಅದು ಜಾತಿಯನ್ನು ಕೇಳುವ ಸಭ್ಯ ರೀತಿ. ಮೂರನೆಯದು ಊಟದ ವಿಚಾರ. ಕೊನೆಗೆ, 'ನಿನ್ನೆಯೇ ಬೇರೆಯವರು ಮುಂಗಡ ಕೊಟ್ಟರು' ಎಂಬ ಉತ್ತರ. ಫಲಕ ಮಾತ್ರ ತಿಂಗಳು ಕಳೆದರೂ ಅಲ್ಲಿಯೇ ತೂಗುತ್ತಿತ್ತು. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತೆಂದು ನಾವು ತರಗತಿಯಲ್ಲಿ ಓದುತ್ತೇವೆ, ಬರೆದು ಅಂಕ ಪಡೆಯುತ್ತೇವೆ. ಆ ವಿಧಿ ಬಾಡಿಗೆ ಮನೆಯ ಹೊಸ್ತಿಲು ದಾಟಿಲ್ಲ.

ಮಾಲೀಕರ ಮಾತನ್ನೂ ಕೇಳಬೇಕು. ನಿವೃತ್ತಿಯ ಹಣವನ್ನೆಲ್ಲ ಸುರಿದು ಮೇಲಂತಸ್ತು ಕಟ್ಟಿದವರಿಗೆ, ಬಂದವರು ಬಿಡದಿದ್ದರೆ ಎಂಬ ಭಯ ಸಹಜ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದಿಂದ ಬಂದ ಭಯವದು. ಆ ಕಾಯ್ದೆಯ ಸ್ಥಾನಕ್ಕೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಕೊನೆಯ ದಿನ ಜಾರಿಗೊಂಡಿತು. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಊರುಗಳಲ್ಲಿ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಇಂದು ಆರು ಜನ ಮಲಗಬಲ್ಲ ಮನೆ ಅಷ್ಟಕ್ಕೆ ಎಲ್ಲಿದೆ? ಹೊರಗುಳಿದವರಿಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಗತಿ. ಬೇರೆ ಕರಾರಿಲ್ಲದಿದ್ದರೆ ತಿಂಗಳ ಬಾಡಿಗೆಯವರನ್ನು ಹದಿನೈದು ದಿನಗಳ ನೋಟೀಸಿನಿಂದ ಬಿಡಿಸಬಹುದು. ನಡುವರ್ಷದಲ್ಲಿ ಹಾಗಾದರೆ ಮಗುವಿನ ಶಾಲೆಯ ಗತಿಯೇನು?

2021ರಲ್ಲಿ ಕೇಂದ್ರ ಸರ್ಕಾರವು ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯ್ದೆ ಎರಡೂ ಕಡೆಯವರ ಭಯಕ್ಕೆ ಮದ್ದಾಗಬಲ್ಲದು. ಕರಾರು ಬರೆವಣಿಗೆಯಲ್ಲಿರಬೇಕು, ವಾಸದ ಮನೆಗೆ ಮುಂಗಡ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದು, ಅವಧಿ ಮುಗಿದರೂ ಬಿಡದವರು ಮೊದಲ ಎರಡು ತಿಂಗಳು ಇಮ್ಮಡಿ, ಆಮೇಲೆ ನಾಲ್ಮಡಿ ಬಾಡಿಗೆ ತೆರಬೇಕು. ಇದರಲ್ಲಿ ಯಾರಿಗೆ ಅನ್ಯಾಯ?

ಆದರೆ ಕಾಯ್ದೆ ಕರಾರನ್ನು ತಿದ್ದೀತು, ಮನಸ್ಸನ್ನು ತಿದ್ದಲಾರದು. ಬಾಡಿಗೆ ಸಕಾಲಕ್ಕೆ ಬರುವುದೇ, ಗೋಡೆ ಚೊಕ್ಕಟವಾಗಿರುವುದೇ ಎಂದು ಕೇಳಲು ಮಾಲೀಕರಿಗೆ ಹಕ್ಕಿದೆ. ಯಾರ ಮಕ್ಕಳು, ಏನು ಉಣ್ಣುವಿರಿ ಎಂಬುದಕ್ಕೆ ಬಾಡಿಗೆಯ ಚೀಟಿಯಲ್ಲಿ ಜಾಗವಿಲ್ಲ. ಸಹಪಾಠಿಗಳೇ, ನಮ್ಮಲ್ಲಿ ಹಲವರು ನಾಳೆ ಗುಮಾಸ್ತರೋ ಉಪಾಧ್ಯಾಯರೋ ಆಗಿ ಕಾಣದ ಊರುಗಳಲ್ಲಿ ಮನೆ ಕೇಳುವೆವು. ಕೆಲವರು ಮನೆ ಕಟ್ಟಿ ಫಲಕ ತೂಗುಹಾಕುವೆವು. ಫಲಕ ತೂಗುಹಾಕುವವರು ಅದರಲ್ಲಿ 'ಮನೆ ಬಾಡಿಗೆಗಿದೆ' ಎಂದಷ್ಟೇ ಬರೆದರೆ ಸಾಕು.

— ಅಂತಿಮ ಬಿ.ಎ. ತರಗತಿಯಿಂದ